ಇಟ್ಟಿಗೆಯ ಮೂಲೆ ಉದುರೋದು ಪರ್ಚೇಸ್ ವಿಭಾಗದಲ್ಲಿ

ರಾಯಚೂರು ಕಡೆ ಹಾರುಬೂದಿ (ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟ ಬೂದಿ) ಇಟ್ಟಿಗೆ ಬಗ್ಗೆ ಮೇಸ್ತ್ರಿಗಳ ದೂರು ಬಹುತೇಕ ಒಂದೇ. ಲಾರಿಯಿಂದ ಇಳಿಸುವಾಗಲೇ ಮೂಲೆ ಉದುರುತ್ತೆ, ಗೋಡೆ ಎದ್ದ ಮೇಲೆ ಪ್ಲಾಸ್ಟರ್ ಸೀಳು ಬಿಡುತ್ತೆ. ಬೈಗುಳ ಪೂರಾ ಇಟ್ಟಿಗೆ ಮಾಡಿದವನಿಗೆ. ಅದನ್ನು ಕೊಂಡ ದೊಡ್ಡ ಕಂಪನಿಯ ಪಿಒ (ಖರೀದಿ ಆದೇಶ) ತೆಗೆದು ಓದುವವರು ಯಾರೂ ಇಲ್ಲ. ನನ್ನ ಮಾತು ಇಷ್ಟೇ: ಆ ಮೂಲೆ ಉದುರಬೇಕು ಅನ್ನೋದು ಎಷ್ಟೋ ಸಲ ಪರ್ಚೇಸ್ ವಿಭಾಗದ ಮೇಜಿನ ಮೇಲೇ ತೀರ್ಮಾನ ಆಗಿರುತ್ತೆ.

ಲೆಕ್ಕ ಹಾಕೋಣ. ದಿನಕ್ಕೆ 10,000 ಇಟ್ಟಿಗೆ ಒತ್ತುವ ಒಂದು ಸಣ್ಣ ಘಟಕ ಅಂದುಕೊಳ್ಳಿ. ನೂರು ಪಾಲಿನಲ್ಲಿ ಹಾರುಬೂದಿ 50ರಿಂದ 60, ಕ್ರಷರ್ ಪುಡಿ 30ರಿಂದ 40, ಸಿಮೆಂಟ್ 8ರಿಂದ 10. ಅಚ್ಚಿನಿಂದ ಬಂದದ್ದು ಒಂದು ದಿನ ನೆರಳಲ್ಲಿ ಕೂತು, ಆಮೇಲೆ ಎರಡು ಮೂರು ವಾರ ನೀರು ಕುಡಿಯಬೇಕು. 21 ದಿನದ ಕ್ಯೂರಿಂಗ್ ಅಂದರೆ ಅಂಗಳದಲ್ಲಿ ಯಾವಾಗಲೂ 2.1 ಲಕ್ಷ ಇಟ್ಟಿಗೆ ನಿಂತಿರುತ್ತೆ. ಒಂದಕ್ಕೆ 6 ರೂಪಾಯಿ ಹಿಡಿದರೆ 12.6 ಲಕ್ಷ ರೂಪಾಯಿ ಅಲ್ಲೇ ಸಿಕ್ಕಿಕೊಂಡ ಹಾಗೆ. ಮಾಲು ಹೋದ ಮೇಲೆ ಕಂಪನಿ 90 ದಿನಕ್ಕೆ ದುಡ್ಡು ಕೊಟ್ಟರೆ ಇನ್ನೂ 54 ಲಕ್ಷ ಹೊರಗೆ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಮಿತಿ ಮುಗಿದವನು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ಕೈಸಾಲ ತರ್ತಾನೆ. 54 ಲಕ್ಷಕ್ಕೆ ತಿಂಗಳಿಗೆ 1,08,000 ರೂಪಾಯಿ. ತಿಂಗಳ 3 ಲಕ್ಷ ಇಟ್ಟಿಗೆಗೆ ಹಂಚಿದರೆ ಒಂದೊಂದರ ಮೇಲೆ 36 ಪೈಸೆ.

ಈಗ ಸಿಮೆಂಟಿಗೆ ಬನ್ನಿ. ಸುಮಾರು 3 ಕೆಜಿ ತೂಗುವ ಇಟ್ಟಿಗೆಯಲ್ಲಿ ಶೇ 8 ಅಂದರೆ 240 ಗ್ರಾಂ. ಚೀಲಕ್ಕೆ 350 ರೂಪಾಯಿ ಹಿಡಿದರೆ 36 ಪೈಸೆಗೆ ಸಿಗೋದು 50 ಗ್ರಾಂ ಸಿಮೆಂಟ್. ದರ ಎಲ್‌1ರಲ್ಲಿ, ಅಂದರೆ ಟೆಂಡರಿನ ಅತಿ ಕಡಿಮೆ ಬಿಡ್ಡಿನಲ್ಲಿ, ತಳ ಮುಟ್ಟಿದೆ, ಬಡ್ಡಿ ಬಿಡೋದಿಲ್ಲ. 240 ಗ್ರಾಂ ಇದ್ದದ್ದು 190ಕ್ಕೆ ಇಳಿಯುತ್ತೆ. ಕ್ಯೂರಿಂಗ್ 21 ದಿನದಿಂದ 7ಕ್ಕೆ ಬರುತ್ತೆ, ಯಾಕಂದ್ರೆ ಬೇಗ ಲೋಡಾದರೆ ಬೇಗ ಬಿಲ್ಲು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನಕ್ಕೆ ಇರೋದಿಲ್ಲ. ಒದ್ದೆ ಗೋಣಿ ಹೊದಿಸಿ ದಿನಕ್ಕೆ ಎರಡು ಮೂರು ಸಲ ನೀರು ಕೊಡದಿದ್ದರೆ ಸಿಮೆಂಟ್ ಗಟ್ಟಿಯಾಗೋದು ಅರ್ಧಕ್ಕೇ ನಿಲ್ಲುತ್ತೆ. ಮೇಲ್ಮೈ ನೋಡೋಕೆ ಚೆಂದ, ಉಗುರಲ್ಲಿ ಗೀರಿದರೆ ಪುಡಿ.

ಕೊಳ್ಳುವವರು ಪಿಒದಲ್ಲಿ ಎರಡು ಸಾಲು ಬರೆದರೆ ಸಾಕು. ಪ್ರತಿ ಥಪ್ಪಿಯ ಮೇಲೆ ಎರಕದ ದಿನಾಂಕ ಬಣ್ಣದಲ್ಲಿ ಬರೆದಿರಬೇಕು, 21 ದಿನ ಆಗದೆ ಲೋಡ್ ಮಾಡಬಾರದು. ಪರೀಕ್ಷೆಯಲ್ಲಿ 7.5 ನ್ಯೂಟನ್ ಪ್ರತಿ ಚದರ ಮಿ.ಮೀ. ಬಲ ಬರಬೇಕು, ನೀರು ಹೀರುವಿಕೆ ಶೇ 20 ದಾಟಬಾರದು. ಸೈಟಿನಲ್ಲಿ ಸುಲಭದ ದಾರಿ ಇದೆ: ಚೆನ್ನಾಗಿ ಒಣಗಿದ ಐದು ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮತ್ತೆ ತೂಗಿ. 3 ಕೆಜಿಯದ್ದು 600 ಗ್ರಾಂಗಿಂತ ಹೆಚ್ಚು ನೀರು ಕುಡಿದಿದ್ದರೆ ಲಾರಿ ವಾಪಸ್. ಆದರೆ ಇಷ್ಟು ಕೇಳುವ ಹಕ್ಕು ಟೈಮಿಗೆ ದುಡ್ಡು ಕೊಡುವವನಿಗೆ ಮಾತ್ರ ಇರುತ್ತೆ.

ಪರಿಸರದ ಕಾಯ್ದೆ ಏನೋ ಇದೆ. 2021ರ ಡಿಸೆಂಬರ್ 31ರ ಹಾರುಬೂದಿ ಅಧಿಸೂಚನೆ ಪ್ರಕಾರ ಉಷ್ಣ ವಿದ್ಯುತ್ ಸ್ಥಾವರದ 300 ಕಿ.ಮೀ. ಒಳಗೆ ಕಟ್ಟಡ ಕಟ್ಟುವ ಸಂಸ್ಥೆಗಳು ಬೂದಿಯ ಇಟ್ಟಿಗೆ, ಟೈಲ್ಸ್ ಬಳಸಬೇಕು, ಬೆಲೆ ಬೇರೆಯದಕ್ಕಿಂತ ಹೆಚ್ಚಿರದಿದ್ದರೆ. ಶಕ್ತಿನಗರ, ಯರಮರಸ್, ಕುಡತಿನಿ ಮೂರೂ ಸ್ಥಾವರ ನಮ್ಮ ನಡುವೆಯೇ ಇರುವಾಗ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರು ಜಿಲ್ಲೆಯಲ್ಲಿ ಯಾರೂ ದೂರದ ನೆಪ ಹೇಳಿ ಇದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಧಿಸೂಚನೆ ಬೂದಿಯನ್ನು ಉಳಿಸೀತು. ಇಟ್ಟಿಗೆಯವನನ್ನು ಉಳಿಸೋದು ಪೇಮೆಂಟ್ ಕಲಮು.

ಕೊಳ್ಳುವವರ ಜವಾಬ್ದಾರಿ ಅಂದರೇನು ಅಂತ ಬಳ್ಳಾರಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2011ರ ಜುಲೈನಲ್ಲಿ ಅಕ್ರಮ ಕಬ್ಬಿಣದ ಅದಿರು ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, 2013ರ ಏಪ್ರಿಲ್‌ನಲ್ಲಿ ಹೆಚ್ಚು ಅಕ್ರಮ ನಡೆದ 'ಸಿ' ವರ್ಗದ ಗಣಿ ಗುತ್ತಿಗೆಗಳು ರದ್ದಾದವು. ಅಗೆದವರ ಹೆಸರು ಊರ ಮಕ್ಕಳಿಗೂ ಬಾಯಿಪಾಠ. ಪರ್ಮಿಟ್ ಇಲ್ಲದ ಅದಿರಿಗೆ ಗಿರಾಕಿ ಇಲ್ಲದಿದ್ದರೆ ಅಷ್ಟು ಲಾರಿ ಓಡ್ತಿದ್ದವೇ? ಆಮೇಲೆ ಬಂದ ಇ-ಹರಾಜು ಪದ್ಧತಿ ಕಣ್ಣಿಟ್ಟದ್ದು ಅಲ್ಲಿಯೇ, ಮಾರಾಟ ಮತ್ತು ಕೊಳ್ಳುವಿಕೆಯ ಬಾಗಿಲಲ್ಲಿ.

ದುಡ್ಡಿನ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಹೆಚ್ಚಿನ ಮೋಸ ಅಲ್ಲೇ. ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆ 2006ರಲ್ಲೇ ಬಂದಿದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ದುಡ್ಡು ಕೊಡೋದು, ಒಪ್ಪಂದ ಇದ್ದರೂ, 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಸರ್ಕಾರಿ ಕಂಪನಿ, ಷೇರುಪೇಟೆ ಕಂಪನಿ ಅಂತ ಭೇದ ಇಲ್ಲ. ಹಾಗಾದರೆ 90 ದಿನ, 120 ದಿನ ಹೇಗೆ ಆಗುತ್ತೆ? ದಿನ ಎಣಿಸಲು ಶುರು ಮಾಡೋದನ್ನೇ ಮುಂದೂಡ್ತಾರೆ. ಮಾಲು ಗೇಟಿನ ಒಳಗೆ ಹೋಗಿರುತ್ತೆ, ಸ್ಟೋರ್ಸ್‌ನವರು ಜಿಆರ್‌ಎನ್ (ಮಾಲು ಸ್ವೀಕರಿಸಿದ ಚೀಟಿ) ಮಾಡಿರೋದಿಲ್ಲ. ಇನ್‌ಸ್ಪೆಕ್ಷನ್ ಎಂಜಿನಿಯರ್ ರಜೆ. ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಮಾಲು ಗುರುತಿಸುವ ಸಂಖ್ಯೆ) ತಪ್ಪಿದೆ ಅಂತ ಮೂರನೇ ವಾರಕ್ಕೆ ವಾಪಸ್. ಪಿಒದಲ್ಲಿ "ಜಿಆರ್‌ಎನ್ ದಿನದಿಂದ 45" ಅಂತ ಬರೆದಿರುತ್ತೆ. ಕಾಯ್ದೆ ಹೇಳೋದು ಬೇರೆ: ಮಾಲು ತಲುಪಿದ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಗೇಟಿನ ರಿಜಿಸ್ಟರ್‌ನಲ್ಲಿರುವ ತಾರೀಖೇ ಲೆಕ್ಕಕ್ಕೆ.

ಆದಾಯ ತೆರಿಗೆಯಲ್ಲಿ 43ಬಿ (ಎಚ್) ಬಂದ ಮೇಲೆ, ಅಂದರೆ 2023–24ರ ಲೆಕ್ಕದಿಂದ, ಗಡುವು ಮೀರಿ ವರ್ಷದ ಕೊನೆಗೆ ಉಳಿದ ಬಾಕಿಯನ್ನು ಆ ವರ್ಷದ ಖರ್ಚಿಗೆ ತೋರಿಸುವಂತಿಲ್ಲ. ಹಾಗಾಗಿ ಮಾರ್ಚ್ ತಿಂಗಳಲ್ಲಿ ಎಲ್ಲರಿಗೂ ಎಚ್ಚರ. ಕೆಲವರು ದುಡ್ಡು ಕೊಟ್ಟು ಎಚ್ಚರಾದರು, ಕೆಲವರು "ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಬೇಡ್ರಿ" ಅಂತ ಫೋನ್ ಮಾಡಿ, ಯಾಕಂದ್ರೆ ಸಣ್ಣ ಉದ್ಯಮ ಅಂತ ತೋರಿಸೋದು ಆ ನೋಂದಣಿ ನಂಬರೇ. ಬಾಕಿ ಬಿಲ್ಲಿನ ಮೇಲೆ ಬ್ಯಾಂಕುಗಳಿಂದ ಮುಂಚೆಯೇ ದುಡ್ಡು ಕೊಡಿಸುವ ಟ್ರೆಡ್ಸ್ ಆನ್‌ಲೈನ್ ವೇದಿಕೆಯ ಕಥೆಯೂ ಹೀಗೇ. ಕಂಪನಿ ನೋಂದಣಿ ಮಾಡಿಕೊಂಡಿರುತ್ತೆ, ಅಲ್ಲಿ ಬಂದ ಇನ್‌ವಾಯ್ಸಿಗೆ ಒಪ್ಪಿಗೆ ಒತ್ತೋದಿಲ್ಲ. ಒಪ್ಪಿಗೆ ಬೀಳದೆ ಯಾವ ಬ್ಯಾಂಕೂ ಬಿಲ್ಲಿನ ಮೇಲೆ ದುಡ್ಡು ಬಿಡೋದಿಲ್ಲ.

ಇನ್ನು 'ಸ್ಥಳೀಯ ಖರೀದಿ' ಅನ್ನೋ ಬಣ್ಣದ ಮಾತು. ಕೇಂದ್ರ ಸರ್ಕಾರದ ಕಂಪನಿಗಳು, ದೋಣಿಮಲೈನಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿಯಂಥವು, ಒಟ್ಟು ಖರೀದಿಯ ಶೇ 25ನ್ನು ಸಣ್ಣವರಿಂದ ಮಾಡಬೇಕು. ಅದರೊಳಗೇ ಶೇ 4 ಎಸ್‌ಸಿ-ಎಸ್‌ಟಿ ಮಾಲೀಕರಿಗೆ, ಶೇ 3 ಮಹಿಳೆಯರಿಗೆ. ಸಣ್ಣವನ ದರ ಎಲ್‌1ಗಿಂತ ಶೇ 15ರವರೆಗೆ ಹೆಚ್ಚಿದ್ದರೆ, ಎಲ್‌1 ದರಕ್ಕೆ ಇಳಿದು ಪಾಲು ಪಡೆಯುವ ಅವಕಾಶ. ಇಎಂಡಿ (ಟೆಂಡರಿನ ಮುಂಗಡ ಠೇವಣಿ) ಇಲ್ಲ. ನೀತಿ ಒಳ್ಳೆಯದೇ. ಆದರೆ ಬಳ್ಳಾರಿ ವಿಳಾಸದ ಏಜೆಂಟು ಹೊರ ರಾಜ್ಯದಲ್ಲಿ ತಯಾರಾದ ಮಾಲಿಗೆ ತನ್ನ ಬಿಲ್ಲು ಹಚ್ಚಿ ಕೊಟ್ಟರೆ ಅದು ಸ್ಥಳೀಯ ಖರೀದಿ ಹೇಗಾಯ್ತು? ಹಿಡಿಯೋದು ಕಷ್ಟ ಇಲ್ಲ. ಇ-ವೇ ಬಿಲ್ಲಿನಲ್ಲಿ ಮಾಲು ಹೊರಟ ಜಾಗದ ಪಿನ್ ಕೋಡ್ ಇರುತ್ತೆ. ಬಳ್ಳಾರಿ, ಕೊಪ್ಪಳದ್ದು 583ರಿಂದ ಶುರು; ರಾಯಚೂರಿನದು 584ರಿಂದ. ಅದರ ಜೊತೆ ಘಟಕದ ಮೂರು ತಿಂಗಳ ಕರೆಂಟ್ ಬಿಲ್ಲು ಕೇಳಿ. ಮಷೀನು ಓಡಿದ್ದರೆ ಯೂನಿಟ್ಟು ಹೇಳುತ್ತೆ.

ಷೇರುಪೇಟೆ ನಿಯಂತ್ರಕ ಸೆಬಿ ದೊಡ್ಡ ಕಂಪನಿಗಳಿಂದ ಕೇಳುವ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ) ವರದಿಯಲ್ಲಿ ಮೊದಲು ಒಂದು ಒಳ್ಳೆಯ ಪ್ರಶ್ನೆ ಇತ್ತು: ಕೊಂಡ ಸಾಮಗ್ರಿಯಲ್ಲಿ ಎಷ್ಟು ಪಾಲು ಇದೇ ಜಿಲ್ಲೆ ಮತ್ತು ನೆರೆಯ ಜಿಲ್ಲೆಗಳಿಂದ ಬಂತು? 2023ರಲ್ಲಿ ಅದನ್ನು "ಭಾರತದೊಳಗಿನಿಂದ" ಅಂತ ಬದಲಿಸಿದರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದವನೂ ಒಂದೇ, ಲೂಧಿಯಾನದವನೂ ಒಂದೇ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ.

ಯೂನಿಫಾರ್ಮ್ ತಗೊಳ್ಳಿ. 4,000 ಕಾರ್ಮಿಕರಿಗೆ ಎರಡೆರಡು ಜೊತೆ ಅಂದರೆ 8,000 ಜೊತೆ, 58 ಇಂಚು ಪನ್ನದ ಬಟ್ಟೆ ಸುಮಾರು 24,000 ಮೀಟರ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೈಗಳು ಎಷ್ಟಿಲ್ಲ! ಆದರೆ ಟೆಂಡರ್ ಒಂದೇ ಲಾಟು, ಮೂರು ವರ್ಷದ ಭಾರೀ ವಹಿವಾಟು ಕೇಳುತ್ತೆ. ಸಣ್ಣ ಘಟಕ ಮೊದಲ ಪುಟದಲ್ಲೇ ಔಟ್. ಇದನ್ನೇ 1,000 ಜೊತೆಯ ಎಂಟು ಲಾಟು ಮಾಡಿ, ಸೀಲ್ ಹಾಕಿದ ಒಂದು ಸ್ಯಾಂಪಲ್ ಎಲ್ಲರಿಗೂ ಇಟ್ಟರೆ ಕೆಲಸ ಇಲ್ಲೇ ಆಗುತ್ತೆ. ತಪ್ಪೋದು ಎರಡು ಕಡೆ. ಒಂದು, ಕುಗ್ಗುವಿಕೆ: 42 ಇಂಚಿನ ಪ್ಯಾಂಟು ಶೇ 4 ಕುಗ್ಗಿದರೆ ಒಂದೂಮುಕ್ಕಾಲು ಇಂಚು ಹತ್ತಿರ ಮೇಲೆ ಹೋಗುತ್ತೆ, ಬೂಟಿನ ಮೇಲೆ ಕಾಲು ಬೆತ್ತಲೆ. ಸ್ಯಾಂಫರೈಸ್ ಆದ (ಮೊದಲೇ ಕುಗ್ಗಿಸಿದ) ಬಟ್ಟೆ ಅಂತ ಬರೆದು, ಕತ್ತರಿಸುವ ಮೊದಲು ಒಂದು ಮೀಟರ್ ಒಗೆದು ಅಳೆಯಬೇಕು. ಎರಡು, ವಾಷಿಂಗ್. ಫ್ಯಾಷನ್ ಜೀನ್ಸಿಗೆ ಮಾಡುವ ಪರ್ಮಾಂಗನೇಟ್ ಸ್ಪ್ರೇ, ಬ್ಲೀಚು, ಕಲ್ಲು ವಾಷು ಕೆಲಸದ ಬಟ್ಟೆಗೆ ಬೇಡವೇ ಬೇಡ. "ಗಂಜಿ ತೆಗೆಯುವ ಒಂದು ವಾಷ್ ಮಾತ್ರ" ಅಂತ ಪಿಒದಲ್ಲಿ ಬರೆದರೆ ನೀರೂ ಉಳಿಯಿತು, ಚರಂಡಿಗೆ ಹರಿಯುವ ನೀಲಿಯೂ ಇಲ್ಲ. ವಾಷಿಂಗ್ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲನಾ ಸಮ್ಮತಿ ಇದೆಯೇ, ಇಟಿಪಿ (ಕೊಳೆನೀರು ಶುದ್ಧೀಕರಣ ಘಟಕ) ಕೆಸರು ಎಲ್ಲಿ ಹೋಯ್ತು ಅಂತ ತೋರಿಸುವ ಫಾರ್ಮ್ 10 ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಇದೆಯೇ, ಕೇಳಿ. ಹೊಲಿದವನ ಕಾಗದ ನೋಡಿ ಒಗೆದವನನ್ನು ಬಿಟ್ಟರೆ ಪ್ರಯೋಜನ ಇಲ್ಲ.

ಗುತ್ತಿಗೆ ಕಾರ್ಮಿಕರನ್ನು ಒದಗಿಸುವ ಮ್ಯಾನ್‌ಪವರ್ ಟೆಂಡರ್ ಇದಕ್ಕಿಂತ ಕ್ರೂರ. ಲೆಕ್ಕಕ್ಕೆ ಸಂಬಳ 15,000 ಇರಲಿ. ಮಾಲೀಕನ ಪಾಲಿನ ಪಿಎಫ್, ಆಡಳಿತ ಶುಲ್ಕ ಸೇರಿ, ಶೇ 13 ಅಂದರೆ 1,950. ಇಎಸ್‌ಐ ಶೇ 3.25, 487.50, ಬೋನಸ್ ಶೇ 8.33, 1,249.50. ಒಟ್ಟು 18,687. ಬೂಟು, ರಜೆ, ಗುತ್ತಿಗೆದಾರನ ಲಾಭ ಇನ್ನೂ ಸೇರಿಲ್ಲ. ಇದಕ್ಕಿಂತ ಕಡಿಮೆಗೆ, ಇಲ್ಲವೇ ಸರ್ವಿಸ್ ಚಾರ್ಜು 0.01 ಅಂತ ಬಂದ ಬಿಡ್ಡನ್ನು ಎಲ್‌1 ಅಂತ ಒಪ್ಪಿದರೆ, ಆ ದುಡ್ಡು ಕಾರ್ಮಿಕನ ಎಟಿಎಂ ಕಾರ್ಡಿನಿಂದಲೇ ವಾಪಸ್ ಹೋಗುತ್ತೆ ಅಂತ ಸಹಿ ಹಾಕಿದವರಿಗೂ ಗೊತ್ತು. ಪಿಎಫ್ ಚಲನ್ ಇದ್ದರೆ ಆಯ್ತು ಅನ್ನಬೇಡಿ; ಬೇರೆ ಸೈಟಿನ ಇಸಿಆರ್ (ತಿಂಗಳ ಪಿಎಫ್ ವಿವರಪಟ್ಟಿ) ಲಗತ್ತಿಸೋದು ಹಳೇ ಆಟ. ಆ ತಿಂಗಳ ಗೇಟ್ ಪಾಸ್ ಪಟ್ಟಿಯನ್ನೂ ಇಸಿಆರ್‌ನ ಯುಎಎನ್ (ಕಾರ್ಮಿಕನ ಪಿಎಫ್ ನಂಬರ್) ಪಟ್ಟಿಯನ್ನೂ ಹೆಸರು ಹೆಸರು ಹೊಂದಿಸಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡಬೇಕಾದ್ದು ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ.

ಕಡಿಮೆ ದರವೇ ಉಳಿತಾಯ ಅನ್ನುವವರಿಗೆ ಒಂದು ಮೋಟಾರಿನ ಲೆಕ್ಕ. 15 ಕಿಲೋವ್ಯಾಟ್, ನಾಲ್ಕು ಪೋಲ್: ಐಇ3 ದರ್ಜೆಯದರ ದಕ್ಷತೆ ಶೇ 92.1, ಅದರ ಮೇಲಿನ ಐಇ4 ದರ್ಜೆಯದು ಶೇ 93.9. ವರ್ಷಕ್ಕೆ 8,000 ಗಂಟೆ ಪೂರ್ಣ ಲೋಡಿನಲ್ಲಿ ಓಡಿದರೆ ವ್ಯತ್ಯಾಸ ಸುಮಾರು 2,500 ಯೂನಿಟ್, 7 ರೂಪಾಯಿಯಂತೆ 17,500. ಟೆಂಡರಿನ ದರಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ, ಅಷ್ಟೇ.

ಮಾಲು ಕೊಡುವ ಸಣ್ಣವರಿಗೆ: ಬಿಲ್ಲು, ಚಲನ್ ಎರಡರ ಮೇಲೂ ಉದ್ಯಮ್ ನಂಬರ್ ಅಚ್ಚು ಹಾಕಿಸಿ, ಯಾರು ಬೇಡ ಅಂದರೂ. ಗೇಟಿನಲ್ಲಿ ಚಲನ್ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಇಲ್ಲದೆ ಡ್ರೈವರ್ ವಾಪಸ್ ಬರಬಾರದು. 16ನೇ ದಿನ ಪರ್ಚೇಸಿಗೂ ಫೈನಾನ್ಸಿಗೂ ಒಂದೇ ಇಮೇಲ್: ಇಂಥ ಚಲನ್, ಇಂಥ ದಿನ ತಲುಪಿದೆ, ತಕರಾರು ಬಂದಿಲ್ಲ, ಗಡುವು ಇಂಥ ದಿನ. 46ನೇ ದಿನ ಬಡ್ಡಿಯ ಲೆಕ್ಕ ಹಚ್ಚಿ ಇನ್ನೊಂದು. ಸರ್ಕಾರದ ಪೋರ್ಟಲ್‌ನಲ್ಲಿ ಬಾಕಿಯ ದೂರು ಹಾಕುವಾಗ ಕೇಳೋದು ಪಿಒ ಮತ್ತು ಇನ್‌ವಾಯ್ಸ್. ಆ ದೂರು ವಿಚಾರಿಸುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ನಿಲ್ಲೋದು ಮಾತ್ರ ಆ ಸೀಲು ಹಾಕಿದ ಚಲನ್. ಮಸಿ ಬೇಗ ಮಾಸುತ್ತೆ, ಅವತ್ತೇ ಫೋಟೋ ಹೊಡೆದಿಟ್ಟುಕೊಳ್ಳಿ.