ಎಲ್ಲ ಪುಸ್ತಕಕ್ಕೂ ಒಂದೇ ಷರಾ ಸಾಲದು

ಕಾದಂಬರಿ, ಅನುವಾದಿತ ಕತೆಗಳು, ಅಡುಗೆ ಪುಸ್ತಕ, ಜಿಲ್ಲೆಯ ಇತಿಹಾಸ. ಪುಸ್ತಕ ವಿಮರ್ಶೆಯ ಲೇಖನವೊಂದರಲ್ಲಿ ಅದರ ಲೇಖಕರು ತಾವು ಇತ್ತೀಚೆಗೆ ಓದಿದ ಈ ನಾಲ್ಕಕ್ಕೂ ‘ಸರಳ ಶೈಲಿ, ಓದಿಸಿಕೊಂಡು ಹೋಗುತ್ತದೆ’ ಎಂದೇ ಬರೆದಿದ್ದಾರೆ. ಕಾದಂಬರಿಗೆ ಹೇಗೋ ನಡೆದೀತು, ಇತಿಹಾಸಕ್ಕೆ ನಡೆಯದು.

ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ, ಅದು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕಡತಗಳೂ ಹಾಗೇ ಹಂಚಿಹೋಗಿವೆ. ಕಾರವಾರ ಬಂದರಿನ ಬಗ್ಗೆ ಬರೆದವರು 1883ರ ಮುಂಬಯಿ ಗ್ಯಾಸೆಟಿಯರ್ (ಸರ್ಕಾರಿ ಜಿಲ್ಲಾ ವಿವರಗ್ರಂಥ) ಒಂದನ್ನೇ ನೆಚ್ಚಿಕೊಂಡರೆ ಮದ್ರಾಸ್ ಕಾಲದ ಭಾಗ ಸೊರಗುತ್ತದೆ. ವಿಮರ್ಶಕರು ಮೊದಲು ತೆರೆಯಬೇಕಾದದ್ದು ಮುನ್ನುಡಿಯನ್ನಲ್ಲ, ಅಡಿಟಿಪ್ಪಣಿಗಳನ್ನು. ಪುಟಸಂಖ್ಯೆ ಕೊಟ್ಟಿದ್ದಾರೆಯೇ? ಹಳೆಯ ದಾಖಲೆಗಳ ‘ಓನೋರ್’ ನಮ್ಮ ಹೊನ್ನಾವರವೇ ಅಂತ ತಿಳಿಸಿದ್ದಾರೆಯೇ?

ಅಡುಗೆ ಪುಸ್ತಕವನ್ನು ಓದಿದರಷ್ಟೇ ಸಾಲದು, ಒಂದೆರಡು ಅಡುಗೆಯನ್ನಾದರೂ ಮಾಡಿ ನೋಡಬೇಕು. ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿಗೆ ‘ಮಾವಿನಕಾಯಿ 2, ನೀರು ಸಾಕಷ್ಟು’ ಅಂದರೆ ಶಿರಸಿಯವರಿಗೆ ತಿಳಿದೀತು, ಹೊಸಬರಿಗೆ ತಿಳಿಯದು. ಕಾಯಿಯ ಹುಳಿ ಮರದಿಂದ ಮರಕ್ಕೆ ಬೇರೆ. ಬೇಯಿಸಿ ಕಿವುಚಿದ ರಸಕ್ಕೆ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ರುಚಿ ನೋಡಿ ಅಂತ ಬರೆದಿರಬೇಕು, ಇಲ್ಲದಿದ್ದರೆ ಸಪ್ಪೆ ನೀರಾಗುತ್ತದೆ.

ಅನುವಾದವಾದರೆ ಮೂಲ ಭಾಷೆ ಯಾವುದು, ನೇರವಾಗಿ ತಂದದ್ದೋ ಇಂಗ್ಲಿಷ್ ಮೂಲಕವೋ, ಅನುವಾದಕರು ಯಾರು ಎಂದು ಹೇಳಲೇಬೇಕು. (ಆ ವಿಮರ್ಶೆಯಲ್ಲಿ ಅನುವಾದಕರ ಹೆಸರೇ ಇಲ್ಲ!) ಸಂಭಾಷಣೆಯ ಒಂದು ಪುಟ ಗಟ್ಟಿಯಾಗಿ ಓದಿ. ಅತ್ತೆಯೂ ಕಲೆಕ್ಟರೂ ಒಂದೇ ಗ್ರಾಂಥಿಕ ಕನ್ನಡ ಆಡುತ್ತಿದ್ದರೆ ಕೆಲಸ ಕೆಟ್ಟಿದೆ ಅಂತಲೇ ಲೆಕ್ಕ.

ಕಾದಂಬರಿಯ ಕತೆ ಮೊದಲ 50 ಪುಟದವರೆಗೆ ಹೇಳಿದರೆ ಸಾಕು. ಬೆಲೆ, ಪುಟ, ಪ್ರಕಾಶಕರು, ಮುದ್ರಣದ ವರ್ಷ ಮೇಲೆಯೇ ಹಾಕಿ. ಅಂಚೆಯಲ್ಲಿ ತರಿಸಿಕೊಳ್ಳುವ ನಮ್ಮಂಥವರಿಗೆ ಮೊದಲು ಬೇಕಾದದ್ದು ಅದೇ.