ಮುಂದಿನ ಸಲ ಪರಿಹಾರ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ಬರಲಿ

ಕೋವಿಡ್ ಕಾಲದಲ್ಲಿ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಏನು ಕೊಟ್ಟಿತು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರೋದು ಕೇಂದ್ರದ 20 ಲಕ್ಷ ಕೋಟಿಯ ಪ್ಯಾಕೇಜ್. ಆ ಅಂಕಿ ಬಿಡೋಣ. ಮೈಸೂರು ಹೆಬ್ಬಾಳದ ಒಂದು ಲೇತ್ ಶೆಡ್ಡು, ಸಯ್ಯಾಜಿರಾವ್ ರಸ್ತೆಯ ಒಂದು ಬಟ್ಟೆ ಅಂಗಡಿ, ಪಾಂಡವಪುರದ ಕಡೆಯ ಒಂದು ಆಲೆಮನೆ, ಈ ಮೂರನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಲಾಕ್‌ಡೌನ್ ಪೆಟ್ಟು ಮೂರಕ್ಕೂ ಬಿತ್ತು. ಪರಿಹಾರ ಮಾತ್ರ ಒಂದೇ ಥರ ಬರಲಿಲ್ಲ. ಯಾಕೆಂದರೆ ಯಾರಿಗೆ ಎಷ್ಟು ನಷ್ಟ ಆಯಿತು ಅಂತ ಅಳೆಯಲಿಲ್ಲ, ಯಾರ ಹೆಸರಲ್ಲಿ ಎಷ್ಟು ಸಾಲ ಇದೆ ಅಂತ ಅಳೆದರು.

ಎಲ್ಲಕ್ಕಿಂತ ದೊಡ್ಡದು ಇಸಿಎಲ್‌ಜಿಎಸ್, ತುರ್ತು ಸಾಲ ಖಾತರಿ ಯೋಜನೆ. 2020ರ ಮೇನಲ್ಲಿ ಘೋಷಣೆ ಆದಾಗ 3 ಲಕ್ಷ ಕೋಟಿ. ಹೊಸದಾಗಿ ಅಡಮಾನ ಬೇಡ, ಖಾತರಿ ಶುಲ್ಕ ಇಲ್ಲ, ಬ್ಯಾಂಕಿನ ಬಡ್ಡಿ ಶೇ 9.25 ದಾಟುವಂತಿರಲಿಲ್ಲ, ಸಾಲ ಮುಳುಗಿದರೆ ಸರ್ಕಾರವೇ ತುಂಬಿಕೊಡುತ್ತಿತ್ತು. ಒಳ್ಳೆಯ ಯೋಜನೆಯೇ. ತಪ್ಪಿದ್ದು ಲೆಕ್ಕದ ಬುಡದಲ್ಲಿ. 2020ರ ಫೆಬ್ರುವರಿ 29ಕ್ಕೆ ನಿಮ್ಮ ಸಾಲದ ಬಾಕಿ ಎಷ್ಟಿತ್ತೋ ಅದರ ಶೇ 20 ಮಾತ್ರ ಸಿಗುತ್ತಿತ್ತು. ಲೇತ್ ಶೆಡ್ಡಿಗೆ 20 ಲಕ್ಷ ಬಾಕಿ ಇದ್ದರೆ 4 ಲಕ್ಷ. ಬಟ್ಟೆ ಅಂಗಡಿಯವರು ಕಷ್ಟಪಟ್ಟು ಎಲ್ಲ ಸಾಲ ತೀರಿಸಿ ಕೂತಿದ್ದರೆ ಸೊನ್ನೆ. ಕೈಸಾಲ, ಮುಂಗಡದ ಮೇಲೆ ನಡೆಯುವ ಆಲೆಮನೆಗೂ ಸೊನ್ನೆ. ಕಂತು 60 ದಿನಕ್ಕಿಂತ ಹೆಚ್ಚು ತಪ್ಪಿಸಿದ್ದವರು, ಅಂದರೆ ಅದಾಗಲೇ ಮುಳುಗುತ್ತಿದ್ದವರು, ಅವರಿಗೂ ಇಲ್ಲ.

ಸಿಕ್ಕಿದವರ ಕಥೆಯನ್ನೂ ನೋಡಿ. ಆ 4 ಲಕ್ಷಕ್ಕೆ ಮೊದಲ ವರ್ಷ ಬಡ್ಡಿ ಮಾತ್ರ, ತಿಂಗಳಿಗೆ ಸುಮಾರು 3,083 ರೂಪಾಯಿ. ಆಮೇಲೆ 36 ತಿಂಗಳು ಅಸಲೇ 11,111, ಅದರ ಮೇಲೆ ಬಡ್ಡಿ. 2020ರ ಜುಲೈನಲ್ಲಿ ಸಾಲ ತೆಗೆದವರಿಗೆ ಅಸಲು ಶುರುವಾಗಿದ್ದು ಎರಡನೇ ಅಲೆಯ ಲಾಕ್‌ಡೌನ್ ಮುಗಿಯುತ್ತಿದ್ದ ಹಾಗೆ. ಆಗ 2021ರ ಮೇ ಕೊನೆಯಲ್ಲಿ ನಿಯಮ ಸಡಿಲಿಸಿ, ಸಾಲದ ಪುನರ್‌ರಚನೆಗೆ ಅರ್ಹ ಇದ್ದವರಿಗೆ 24 ತಿಂಗಳು ಬಡ್ಡಿ ಮಾತ್ರ ಕಟ್ಟಿ ನಂತರ 36 ತಿಂಗಳು ಅಸಲು ಕಟ್ಟುವ ಅವಕಾಶ ಕೊಟ್ಟರು. ತಾನಾಗಿ ಬರುವ ಸೌಲಭ್ಯ ಅಲ್ಲ ಅದು, ಹೋಗಿ ಕೇಳಬೇಕಿತ್ತು.

ಇನ್ನು ಮೊರಟೋರಿಯಂ. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಆರು ಕಂತು ಕಟ್ಟದೆ ಇರಬಹುದು ಅಂದಿತು ರಿಸರ್ವ್ ಬ್ಯಾಂಕ್. ತುಂಬಾ ಜನ ಇದನ್ನು ಮನ್ನಾ ಅಂದುಕೊಂಡರು. ಒಂದು ಲೆಕ್ಕ ಹಾಕೋಣ. 10 ಲಕ್ಷ ಬಾಕಿ, ಶೇ 12 ಬಡ್ಡಿ, 60 ಕಂತು ಉಳಿದಿದೆ, ಕಂತು 22,244 ರೂಪಾಯಿ. ಆರು ತಿಂಗಳು ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರಿ ಬಾಕಿ 10,61,520 ಆಗುತ್ತದೆ. ಅದೇ ಕಂತು ಮುಂದುವರಿಸಿದರೆ 60 ಕಂತಿನ ಜಾಗದಲ್ಲಿ 65 ದಾಟುತ್ತದೆ, ಹೆಚ್ಚುವರಿ ಹೊರೆ ಸುಮಾರು 1,15,000 ರೂಪಾಯಿ. ಅಕ್ಟೋಬರ್‌ನಲ್ಲಿ ಕೇಂದ್ರ ವಾಪಸು ಕೊಟ್ಟಿದ್ದು ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸ ಮಾತ್ರ, ಅದೂ 2 ಕೋಟಿವರೆಗಿನ ಸಾಲಕ್ಕೆ. ಈ ಲೆಕ್ಕದಲ್ಲಿ ಅದು 1,520 ರೂಪಾಯಿ. ಚಕ್ರಬಡ್ಡಿ ಯಾರಿಗೂ ಹಾಕಬಾರದು ಅಂತ 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಹೇಳಿತು, ಆದರೆ ಆರು ತಿಂಗಳ ಬಡ್ಡಿಯನ್ನೇ ಬಿಡಿಸಲು ಒಪ್ಪಲಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು ಬಡ್ಡಿಯನ್ನಾದರೂ ಕಟ್ಟಿಕೊಂಡು ಹೋಗಿದ್ದರೆ ಬಾಕಿ 10 ಲಕ್ಷದಲ್ಲೇ ನಿಲ್ಲುತ್ತಿತ್ತು. ಇದನ್ನು ಕೌಂಟರಿನಲ್ಲಿ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಸಾಲವಲ್ಲದ, ನಿಜವಾಗಿ ಖರ್ಚು ಇಳಿಸಿದ ಸಹಾಯ ಅಂದರೆ ಪಿಎಫ್‌ನದು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಾರ್ಮಿಕರ ಶೇ 12, ಮಾಲೀಕರ ಶೇ 12, ಎರಡನ್ನೂ ಕೇಂದ್ರವೇ ಕಟ್ಟಿತು. 12,000 ಸಂಬಳದ 25 ಜನರಿದ್ದ ಘಟಕಕ್ಕೆ ತಿಂಗಳಿಗೆ 72,000, ಆರು ತಿಂಗಳಿಗೆ 4,32,000. ಅರ್ಧ ಮಾಲೀಕರದು ಉಳಿಯಿತು, ಅರ್ಧ ಕಾರ್ಮಿಕರ ಕೈಗೆ ಬಂತು. ಆದರೆ ಷರತ್ತು ಎರಡು: ಕಾರ್ಮಿಕರು 100ರ ಒಳಗಿರಬೇಕು, ಅವರಲ್ಲಿ ಶೇ 90 ಜನರ ಸಂಬಳ 15,000ದ ಒಳಗಿರಬೇಕು. 24 ಜನರಿರುವ ವರ್ಕ್‌ಶಾಪಿನಲ್ಲಿ ನಾಲ್ವರು ನುರಿತ ಟರ್ನರ್‌ಗಳಿಗೆ 18,000 ಕೊಡುತ್ತಿದ್ದರೆ ಶೇ 83ಕ್ಕೆ ಇಳಿಯುತ್ತಿತ್ತು, ಉಳಿದ ಇಪ್ಪತ್ತು ಜನರಿಗೂ ಸಿಗುತ್ತಿರಲಿಲ್ಲ. ಒಳ್ಳೆಯ ಕೆಲಸಗಾರರಿಗೆ ಒಳ್ಳೆಯ ಸಂಬಳ ಕೊಟ್ಟವರಿಗೆ ಹೀಗೆ ಆಗಬಾರದಿತ್ತು. ಕಾರ್ಮಿಕರನ್ನು ಒಬ್ಬೊಬ್ಬರಾಗಿ ಲೆಕ್ಕ ಹಿಡಿದಿದ್ದರೆ ಸಾಕಿತ್ತು.

ಕಾನೂನಿನ ರಕ್ಷಣೆಯೂ ಹೀಗೇ ಮೇಲಿನವರ ಹತ್ತಿರವೇ ನಿಂತಿತು. 2020ರ ಮಾರ್ಚ್ 25ರಿಂದ ಒಂದು ವರ್ಷದ ಒಳಗೆ ತಪ್ಪಿದ ಬಾಕಿಗೆ ದಿವಾಳಿ ಪ್ರಕ್ರಿಯೆ ಹೂಡುವಂತಿಲ್ಲ ಅಂತ ದಿವಾಳಿ ಸಂಹಿತೆಗೆ 10ಎ ಕಲಂ ಸೇರಿಸಿದರು. ಅದು ಕಂಪನಿಗಳಿಗೆ, ಸೀಮಿತ ಹೊಣೆಯ ಪಾಲುದಾರಿಕೆಗಳಿಗೆ (ಎಲ್‌ಎಲ್‌ಪಿ). ಒಬ್ಬರೇ ಮಾಲೀಕರಿರುವ ಅಂಗಡಿಗೆ, ಅಣ್ಣತಮ್ಮಂದಿರ ಪಾಲುದಾರಿಕೆಗೆ ಅದರಿಂದ ಏನೂ ಇಲ್ಲ. ಚೆಕ್ ಬೌನ್ಸ್ ಆದರೆ 138ರ ಕೇಸಿನ ಭಯ ಇದ್ದೇ ಇತ್ತು.

ಸಣ್ಣವರ ಕೈಯಲ್ಲಿರುವ ಗಟ್ಟಿ ಕಾನೂನು ಬೇರೆ ಇದೆ, ಬಳಸುವವರು ಕಡಿಮೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಘಟಕಗಳಿಂದ ಮಾಲು ತೆಗೆದುಕೊಂಡವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನದ ಒಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿಯಾಗಿ. ಬ್ಯಾಂಕ್ ದರ ಶೇ 4.25ಕ್ಕೆ ಇಳಿದಿದ್ದ ಆ ದಿನಗಳಲ್ಲೂ ಅದು ಶೇ 12.75. ದೂರು ಕೊಡುವುದು ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ. ಬಹಳ ಅರ್ಜಿ ಎಡವುವುದು ಒಂದೇ ಕಡೆ: ಮಾಲು ಕಳಿಸಿ, ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಕೇಂದ್ರದಲ್ಲಿ ದಾಖಲಿಸುವುದು, ಮಾಡಿಸುತ್ತಾರೆ. ಸರಬರಾಜಿಗೆ ಮೊದಲೇ ನೋಂದಣಿ ಇದ್ದರೆ ಆ ತಕರಾರು ಬರುವುದಿಲ್ಲ. ನೋಂದಣಿಗೆ ಶುಲ್ಕ ಇಲ್ಲ, ಆಧಾರ್, ಪ್ಯಾನ್ ಇದ್ದರೆ ಆಯಿತು. ಇವತ್ತೇ ಮಾಡಿಸಿ, ಪ್ರತಿ ಇನ್‌ವಾಯ್ಸ್ ಮೇಲೂ ಉದ್ಯಮ್ ಸಂಖ್ಯೆ ಹಾಕಿ, ಮಾಲು ತಲುಪಿದ ದಿನಾಂಕಕ್ಕೆ ಸಹಿ ತೆಗೆದುಕೊಳ್ಳಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಬಡ್ಡಿಯ ಹಕ್ಕಿಲ್ಲ, ಅದೂ ಗೊತ್ತಿರಲಿ.

ಬಾಡಿಗೆ ಮಳಿಗೆಯವರು ಕರಾರು ನವೀಕರಿಸುವಾಗ ಒಂದು ಸಾಲು ಸೇರಿಸಿ: ಸರ್ಕಾರದ ಆದೇಶದಿಂದ ಅಂಗಡಿ ಮುಚ್ಚಿದ ದಿನಗಳಿಗೆ ಬಾಡಿಗೆ ಅರ್ಧ. ಕರಾರಿನಲ್ಲಿ ಇಲ್ಲದ್ದನ್ನು ಕೋರ್ಟಿನಲ್ಲಿ ಕೇಳುವುದು ಕಷ್ಟ.

ಈಗ ನನ್ನ ಬೇಡಿಕೆ. 2020ರ ಮೇ 6ರ ರಾಜ್ಯ ಪ್ಯಾಕೇಜಿನಲ್ಲಿ ಎಂಎಸ್‌ಎಂಇಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ ಆಯಿತು. ಮೊತ್ತ ಚಿಕ್ಕದು, ದಾರಿ ಸರಿಯಾದದ್ದು. ಮೈಸೂರು, ಮಂಡ್ಯದಲ್ಲಿ ಕರೆಂಟ್ ಇರುವ ಪ್ರತಿ ಘಟಕಕ್ಕೂ ವಿದ್ಯುತ್ ಕಂಪನಿ ಚೆಸ್ಕಾಂನ ಆರ್‌ಆರ್ ನಂಬರ್ ಇದೆ. ಮಂಜೂರಾದ ವಿದ್ಯುತ್ ಲೋಡ್ (ಎಚ್‌ಪಿ) ನೋಡಿದರೆ ಘಟಕದ ಅಳತೆ ಗೊತ್ತಾಗುತ್ತದೆ. ಹೋದ ವರ್ಷದ ಅದೇ ತಿಂಗಳ ಯೂನಿಟ್ ಜೊತೆ ಈ ತಿಂಗಳದ್ದು ಹೋಲಿಸಿದರೆ ಕೆಲಸ ಎಷ್ಟು ನಿಂತಿದೆ ಅಂತ ಕಾಣುತ್ತದೆ. ಸಾಲದ ಬಾಕಿಗಿಂತ ಇದು ಸಾವಿರ ಪಾಲು ಪ್ರಾಮಾಣಿಕ ಅಳತೆ. ಯೂನಿಟ್ ಅರ್ಧಕ್ಕಿಂತ ಕೆಳಗೆ ಬಿದ್ದರೆ ನಿಗದಿತ ಶುಲ್ಕ ತಾನಾಗಿ ರದ್ದಾಗಲಿ, ಎಚ್‌ಪಿ ಲೆಕ್ಕದಲ್ಲಿ ನಗದು ಸಹಾಯ ಖಾತೆಗೆ ಬರಲಿ. ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ.

ತೊಡಕು ಇಲ್ಲ ಅಂತಲ್ಲ. ಡೀಸೆಲ್ ಎಂಜಿನ್ ಮೇಲೆ ಗಾಣ ಓಡಿಸುವ ಆಲೆಮನೆ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಗ್ರಾಮ ಪಂಚಾಯಿತಿ ಪಟ್ಟಿ ಬೇಕು. ಬಾಡಿಗೆ ಮಳಿಗೆಗಳ ಮೀಟರ್ ಕಟ್ಟಡದವರ ಹೆಸರಲ್ಲಿರುತ್ತದೆ, ದುಡ್ಡು ಅವರಿಗೇ ಹೋಗಿಬಿಡಬಹುದು. ಆದರೆ 2023ರಲ್ಲಿ ಗೃಹಜ್ಯೋತಿಗೆ ಬಾಡಿಗೆ ಮನೆಯವರೂ ಆಧಾರ್ ಕೊಟ್ಟು ಆರ್‌ಆರ್ ನಂಬರಿಗೆ ತಮ್ಮ ಹೆಸರು ಜೋಡಿಸಿದರಲ್ಲ, ಅದೇ ಕೆಲಸವನ್ನು ಅಂಗಡಿ, ಶೆಡ್ಡುಗಳಿಗೆ ಉದ್ಯಮ್ ಸಂಖ್ಯೆ ಇಟ್ಟುಕೊಂಡು ಈಗಲೇ ಮಾಡಬಹುದು. ರೋಗ ಬಂದ ಮೇಲೆ ಪೋರ್ಟಲ್ ತೆರೆದರೆ ಮತ್ತೆ ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲಬೇಕಾಗುತ್ತದೆ.