ಮಕ್ಕಳ ಕೈಗೆ ಕತ್ತಿ ಕೊಟ್ಟು ಕಲಿಸಬೇಕೇ?

ಪರ: ಕಾಫಿ ಬೆಳೆಗಾರ

ಕೊಡವರಾದ ನಾವು ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ಕೋವಿ, ಅಗಲ ಅಲಗಿನ ಒಡಿಕತ್ತಿಗಳಿಗೆ ತೋಕ್ ಪೂ ಎಂಬ ಕಾಡುಹೂ ಇಟ್ಟು ಕೈಮುಗಿಯುತ್ತೇವೆ. ನಮಗಿರುವ ಕೋವಿಯ ಪರವಾನಗಿ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದಾಗ ಹಿಗ್ಗಿದೆವು. ಅದೇ ಮನೆಯ 13 ವರ್ಷದ ಹುಡುಗ ಕತ್ತಿ ಮುಟ್ಟಿದರೆ ಮಾತ್ರ ಗದರುತ್ತೇವೆ. ಮದುವೆಯಲ್ಲಿ ಶಾಸ್ತ್ರಕ್ಕೆ ಬಾಳೆ ಕಡಿಯಲು ನಿಂತ ನೆಂಟರು ಮೂರನೆಯ ಏಟಿಗೂ ದಿಂಡು ತುಂಡರಿಸಲಾರದೆ ನಗುವುದನ್ನು ನೋಡಿದ್ದೇನೆ. ನನಗೆ ನಗು ಬರಲಿಲ್ಲ.

ಕೊಯ್ಲು ಮುಗಿದರೆ ಕಪಾತು (ಕಾಫಿ ಗಿಡದ ರೆಂಬೆ ಸವರುವುದು), ಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಮಳೆಯಲ್ಲಿ ದಾರಿಗೆ ಬಿದ್ದ ಮರ: ಇಲ್ಲಿ ಕತ್ತಿ ಹಿಡಿಯದೆ ನಡೆಯುವುದಿಲ್ಲ. ಕಲಿಸದಿದ್ದರೆ ಹುಡುಗರು ಕದ್ದು ಕಲಿಯುತ್ತಾರೆ, ಅದೂ ಮೊಂಡುಕತ್ತಿಯಲ್ಲಿ. ಹರಿತವಾದದ್ದನ್ನು ನಾವೇ ಅಡಗಿಸಿಟ್ಟಿರುತ್ತೇವಲ್ಲ! ಮೊಂಡುಕತ್ತಿ ಮರಕ್ಕೆ ಕಚ್ಚದೆ ಜಾರಿ ಮೊಣಕಾಲಿಗೆ ಬರುತ್ತದೆ.

ನನಗೆ ಕಲಿಸಿದವರು ಅಜ್ಜ. ಮೊದಲ ವಾರ ಮಸೆಯುವುದು, ಒರೆಸಿ ಎಣ್ಣೆ ಸವರುವುದು, ಅಷ್ಟೆ. ಆಮೇಲೆ ಒರೆಯ ಸಮೇತ ಕತ್ತಿ ಚಾಚಿ ಒಂದು ಸುತ್ತು ತಿರುಗಿಸಿದರು. ಅಷ್ಟು ಜಾಗದಲ್ಲಿ ನಾಯಿಯೂ ಇರಕೂಡದು. ಇನ್ನೊಬ್ಬರಿಗೆ ಕೊಡುವಾಗ ಹಿಡಿ ಅವರ ಕಡೆಗಿರಬೇಕು, ‘ಹಿಡಿದೆ’ ಎನ್ನುವವರೆಗೆ ಬಿಡಬಾರದು. ಕೊಡಲಿ ಎತ್ತುವ ಮುಂಚೆ ಕಾವು ಸಡಿಲವಾಗಿದೆಯೇ ನೋಡಬೇಕು. ಗರಗಸವಾದರೆ ಕೊಂಬೆಯ ಅಡಿಯಿಂದ ಸ್ವಲ್ಪ ಕೊಯ್ದು ನಂತರ ಮೇಲಿನಿಂದ ಕೊಯ್ಯಬೇಕು, ಇಲ್ಲವಾದರೆ ತೊಗಟೆ ಸಮೇತ ಸಿಗಿಯುತ್ತದೆ. ನೆರಳಿಗೆ ಬೆಳೆಸಿದ ಹಾಲುವಾಣದ ಮರದ ಕೊಂಬೆಯೊಂದನ್ನು ನಾನು ಹಾಗೆ ಸಿಗಿದ ದಿನ ಅಜ್ಜ ಬೈಯಲಿಲ್ಲ. ಕತ್ತಿಯನ್ನು ಅಟ್ಟಕ್ಕೆ ಹಾಕಿದರು. ಅದು ಕೆಳಗಿಳಿದದ್ದು ಮೂರು ತಿಂಗಳಿಗೆ.

ಎದುರು ವಾದಿಸುವವರ ಮನೆಯಲ್ಲಿ ಬಾಳೆಹಣ್ಣು ಹೆಚ್ಚುವುದಕ್ಕೂ ಪ್ಲಾಸ್ಟಿಕ್ ಚಾಕು ಇರಬೇಕು. ಅವರಿಗೆ ನನ್ನ ಬಳಿ ಉತ್ತರವಿಲ್ಲ.

ವಿರೋಧ: ಶಾಲಾ ಶಿಕ್ಷಕಿ

ಈ ಕಡೆಗೆ ಬರೆಯುವವರು ಸಿಗಲಿಲ್ಲವಂತೆ, ನನ್ನ ಪಾಲಿಗೆ ಬಂತು. ನಮ್ಮ ಮನೆಯ ಚಾಕು ಕಬ್ಬಿಣದ್ದೇ.

ಒಬ್ಬ ಅಜ್ಜ, ಒಬ್ಬ ಮೊಮ್ಮಗ ಆದರೆ ಸರಿ. ಶಾಲೆಯ ಶಿಬಿರದಲ್ಲಿ ನನ್ನ ಮುಂದೆ ನಲವತ್ತು ಮಕ್ಕಳಿರುತ್ತಾರೆ. ಮಳೆಗೆ ಹಿಡಿ ಜಾರುತ್ತದೆ. ಕಾಲಿಗೆ ಜಿಗಣೆ ಹತ್ತಿದರೆ ಕೈಯಲ್ಲಿ ಏನಿದೆ ಎಂಬುದು ಮರೆತುಹೋಗುತ್ತದೆ. 14 ತುಂಬದವರನ್ನು ತೋಟದ ಕೂಲಿಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. ಕಲಿಕೆ ಕೂಲಿಯಲ್ಲ ನಿಜ, ಆದರೆ ಮರಗಸಿಗೆ ಆಳು ಸಿಗದ ವರ್ಷ ಆ ಗೆರೆ ಎಷ್ಟು ದಿನ ಉಳಿದೀತು?

ಒಮ್ಮೆ ಶಿಬಿರದಲ್ಲಿ ಡೇರೆಯ ಗೂಟಕ್ಕೆ ಬಿದಿರು ಕಡಿಯುತ್ತಿದ್ದ ಹುಡುಗ ಹೆಬ್ಬೆರಳಿನ ಬುಡ ಕೊಯ್ದುಕೊಂಡ. ಸೆರಗಿನಿಂದ ಗಾಯ ಒತ್ತಿಹಿಡಿದು, ಅವನ ಕೈ ಮೇಲೆತ್ತಿಕೊಂಡೇ ಜೀಪಿನಲ್ಲಿ ಕುಳಿತೆ. ಮಂಜಿನಲ್ಲಿ ದಾರಿ ಕಾಣದು. ಚಾಲಕ ಹಾರ್ನ್ ಬಾರಿಸುತ್ತಲೇ ಇದ್ದ, ಹುಡುಗ ಮಾತ್ರ ‘ಟೀಚರ್, ನಿಮ್ಮ ಸೀರೆ’ ಎನ್ನುತ್ತಿದ್ದ. ಐದು ಹೊಲಿಗೆ, ಒಂದು ಟಿಟಿ ಚುಚ್ಚುಮದ್ದು. ಸಂಜೆ ಬಂದ ತಂದೆ ಜಗಳವಾಡಲಿಲ್ಲ. ‘ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಟೀಚರ್’ ಎಂದರು.

ಈ ಮಾತು ನನ್ನ ಪಕ್ಷಕ್ಕೆ ಒದಗುವುದಿಲ್ಲ, ಗೊತ್ತು. ಅಂದಿನಿಂದ ಶಿಬಿರಕ್ಕೆ ಗೂಟಗಳನ್ನು ಕಡಿಸಿಯೇ ತರಿಸುತ್ತೇನೆ.